ಚಿತ್ರ ಮುಚ್ಚಿದರೆ ಮಗನ ಓದು ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗ ಎರಡನೇ ಕ್ಲಾಸು. ಚಿತ್ರದ ಪುಸ್ತಕ ಕೊಟ್ಟರೆ ಪಟಪಟ ಓದುತ್ತಾನೆ. ಮೊನ್ನೆ ಸುಮ್ನೆ ಆಟಕ್ಕೆ ಚಿತ್ರದ ಮೇಲೆ ಕೈ ಇಟ್ಟೆ. ಓದು ಅಲ್ಲೇ ನಿಂತುಹೋಯಿತು. ಮಗಳು ಹತ್ತನೇ ಕ್ಲಾಸು. ಅವಳದು ಉಲ್ಟಾ. ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಬಂದರೆ ಹಾರಿಸಿ ಮುಂದೆ ಹೋಗುತ್ತಾಳೆ, ಬರೀ ಪ್ರಶ್ನೋತ್ತರ ಬಾಯಿಪಾಠ. ಪರೀಕ್ಷೆಗೆ ಬರುತ್ತದೆ ಅಂತ ಹೃದಯದ ಚಿತ್ರವನ್ನು ಮಾತ್ರ ಹತ್ತು ಸಲ ಬರೆದಿದ್ದಾಳೆ. ಆದರೆ ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂದರೆ ಉತ್ತರ ಇಲ್ಲ. ಟ್ಯೂಷನ್ನಿನವರು ‘ನಿಮ್ಮ ಮಕ್ಕಳು ನೋಡಿ ಕಲಿಯುವ ಜಾತಿ, ಬಣ್ಣದ ಚಿತ್ರ ಜಾಸ್ತಿ ಇರುವ ಗೈಡು ತೆಗೆಸಿಕೊಡಿ’ ಅನ್ನುತ್ತಾರೆ. ಚಿತ್ರ ಇದ್ದರೆ ಓದಿದ್ದು ತಲೆಗೆ ಹತ್ತುತ್ತದೆಯೋ, ಇಲ್ಲವೋ? (ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಮಗ ಓದುತ್ತಿರುವುದು ಚಿತ್ರವನ್ನು. ಗಾಬರಿ ಬೇಡ, ಆ ವಯಸ್ಸಿನಲ್ಲಿ ಬಹಳ ಮಕ್ಕಳು ಹೀಗೇ. ಆದರೆ ನೀವು ಕೈ ಅಡ್ಡ ಇಟ್ಟು ನೋಡಿದಿರಲ್ಲ, ಅದಕ್ಕೆ ಶಭಾಷ್ ಅನ್ನಬೇಕು. ಶಿಕ್ಷಕರ ತರಬೇತಿಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ನಾನು ಹೇಳಿಕೊಟ್ಟಿದ್ದೂ ಹೆಚ್ಚು ಕಡಿಮೆ ಅಷ್ಟೇ. ಮಗಳ ಕಥೆ ಬೇರೆ. ಅವನಿಗೆ ಚಿತ್ರ ಜಾಸ್ತಿಯಾಗಿದೆ, ಅವಳಿಗೆ ಕಡಿಮೆಯಾಗಿದೆ. ಒಂದೇ ಮನೆಯ ಪ್ರಶ್ನೆಗೆ ಎರಡು ಉತ್ತರ ಕೊಡಬೇಕಾಗಿದೆ. ಚಿಕ್ಕವನಿಂದ ಶುರು ಮಾಡೋಣ.

ನಮ್ಮ ಗೋಡೆಯ ಅಕ್ಷರಮಾಲೆ ಪಟ ನೆನಪಿದೆಯಲ್ಲ? ಅ ಅರಸ, ಇ ಇಲಿ, ಉ ಉಡ, ಎ ಎಲೆ, ಓ ಓಲೆ. ಅಂಥದ್ದೊಂದು ಪಟ ಹಿಡಿದುಕೊಂಡು ಒಮ್ಮೆ ಒಂದನೇ ಕ್ಲಾಸಿನ ಮಕ್ಕಳ ಮುಂದೆ ಕೂತಿದ್ದೆ. ಚಿತ್ರದ ಕೆಳಗಿನ ಪದ ಓದಿ ಅಂದೆ. ಅರಸ ಬಂದಾಗ ಒಬ್ಬ ‘ರಾಜ’ ಅಂದ. ಉಡ ಬಂದಾಗ ಒಬ್ಬಳು ‘ಹಲ್ಲಿ’ ಅಂದಳು, ಪಕ್ಕದವನು ‘ಅಲ್ಲ, ಮೊಸಳೆ ಮರಿ’ ಎಂದು ತಿದ್ದಿದ. ಎಲೆಗೆ ‘ಸೊಪ್ಪು’. ಋಷಿಗೆ ‘ಅಜ್ಜ’. ಓಲೆ ಬಂದಾಗ ಮಾತ್ರ ಎಲ್ಲರೂ ಗಪ್‌ಚುಪ್. ಅಲ್ಲಿ ಬರೆದಿದ್ದು ತಾಳೆಗರಿಯೋ, ಕಿವಿಗೆ ಹಾಕುವ ಓಲೆಯೋ, ನಿಜ ಹೇಳಬೇಕೆಂದರೆ ನನಗೂ ತಿಳಿಯಲಿಲ್ಲ.

ನಗು ಬರುತ್ತದೆ. ಆದರೆ ಆ ಮಕ್ಕಳು ತಪ್ಪು ಓದಿದರು ಅನ್ನುವ ಹಾಗಿಲ್ಲ, ಏಕೆಂದರೆ ಅವರು ಓದಿಯೇ ಇರಲಿಲ್ಲ. ‘ಅ’ ಕಣ್ಣಿಗೆ ಬಿದ್ದಿದ್ದರೆ ಬಾಯಲ್ಲಿ ‘ರಾಜ’ ಬರುತ್ತಿತ್ತಾ? ಪದಕ್ಕೂ ಚಿತ್ರಕ್ಕೂ ಹೆಸರು ಒಂದೇ ಆಗಿದ್ದಾಗ, ಅಂದರೆ ಇಲಿ ಬಂದಾಗ, ಎಲ್ಲರೂ ಸರಿಯಾಗಿ ಹೇಳಿದರು. ಟೀಚರ್ ‘ನೋಡಿ ಸಾರ್, ಓದ್ತಾರೆ’ ಅಂದರು. ಇಲಿ ಮೋಸ ಮಾಡಿತ್ತು.

ಅಮೆರಿಕದಲ್ಲಿ ಜೇ ಸ್ಯಾಮುಯೆಲ್ಸ್ ಎಂಬ ಸಂಶೋಧಕರು 1967ರಲ್ಲೇ ಇದನ್ನು ಪರೀಕ್ಷೆ ಮಾಡಿದ್ದರು. ಇನ್ನೂ ಓದು ಬಾರದ ಶಿಶುವಿಹಾರದ ಮಕ್ಕಳಿಗೆ ನಾಲ್ಕು ಪದ ಕಲಿಸಿದರು. ಕೆಲವರಿಗೆ ಬರೀ ಪದ, ಕೆಲವರಿಗೆ ಪದದ ಜೊತೆ ಚಿತ್ರ. ಕಲಿಸುವಾಗ ಚಿತ್ರ ಸಿಕ್ಕವರೇ ಮುಂದಿದ್ದರು, ಸರಿ ಉತ್ತರ ಸರಸರ ಬರುತ್ತಿತ್ತು. ಆಮೇಲೆ ಚಿತ್ರ ತೆಗೆದು ಪದ ಮಾತ್ರ ತೋರಿಸಿದರು. ಈಗ ಚಿತ್ರವೇ ಇಲ್ಲದೆ ಕಲಿತವರು ಗೆದ್ದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಉತ್ತರ ಚಿತ್ರದಲ್ಲೇ ಸಿಗುವಾಗ ಅಂಕುಡೊಂಕು ಅಕ್ಷರದ ಜೊತೆ ಯಾವ ಮಗು ಗುದ್ದಾಡುತ್ತದೆ? ನಾವಾದರೂ ಬಸ್‌ಸ್ಟ್ಯಾಂಡಿನ ಶೌಚಾಲಯದ ಬಾಗಿಲಲ್ಲಿ ಅಕ್ಷರ ಓದುತ್ತೇವಾ, ಬೊಂಬೆ ನೋಡುತ್ತೇವಾ?

ಕನ್ನಡದ ಮಗುವಿಗೆ ಇದರಿಂದ ನಷ್ಟ ಇನ್ನೂ ಜಾಸ್ತಿ ಎಂದು ನನ್ನ ಅನಿಸಿಕೆ. ನಮ್ಮ ಅಕ್ಷರಗಳ ಗುಟ್ಟೆಲ್ಲ ಸಣ್ಣ ಗೆರೆಯಲ್ಲಿದೆ. ಎ ಮತ್ತು ಏ ಪಕ್ಕಪಕ್ಕ ಬರೆದು ನೋಡಿ. ಒ ಮತ್ತು ಓ ನೋಡಿ. ದ ಮತ್ತು ಧ ನಡುವೆ ಇರುವುದು ಹೊಟ್ಟೆ ಸೀಳುವ ಒಂದು ಗೆರೆ, ಅದರೊಳಗೆ ಚುಕ್ಕೆ ಬಿದ್ದರೆ ಥ. ಈ ಗೆರೆಗಳನ್ನು ಕಣ್ಣು ಸಾವಿರ ಸಲ ನೋಡಬೇಕು, ಆಗಲೇ ಅಕ್ಷರ ಗಟ್ಟಿಯಾಗುವುದು. ಎಲೆಯ ಚಿತ್ರ, ಏಣಿಯ ಚಿತ್ರ ಪಕ್ಕದಲ್ಲೇ ಕೂತಿದ್ದರೆ ಆ ಗೆರೆ ನೋಡುವ ಗರಜೇ ಬೀಳುವುದಿಲ್ಲ. ಎರಡನೇ ಕ್ಲಾಸು ಅಂದರೆ ಕಾಗುಣಿತ ಮುಗಿದು ಒತ್ತಕ್ಷರ ಶುರುವಾಗುವ ಹೊತ್ತು. ಈಗ ತಪ್ಪಿಸಿಕೊಂಡದ್ದು ಮುಂದೆ ‘ಅಜ್ಜ’ ಮತ್ತು ‘ಅಜ’ದಲ್ಲಿ ಕಾಟ ಕೊಡುತ್ತದೆ.

‘ಗೊತ್ತಾಗದಿದ್ದರೆ ಚಿತ್ರ ನೋಡಿ ಊಹಿಸು’ ಎಂದು ಕೆಲವು ಕಡೆ ಮಕ್ಕಳಿಗೆ ಹೇಳಿಕೊಡುತ್ತಾರೆ. ಇದು ಇಂಗ್ಲಿಷ್ ಕಲಿಸುವವರಿಂದ ಬಂದ ಚಾಳಿ. ಅಮೆರಿಕದ ಹಲವು ರಾಜ್ಯಗಳು ಈಚಿನ ವರ್ಷಗಳಲ್ಲಿ ಕಾನೂನು ಮಾಡಿಯೇ ಅದನ್ನು ಶಾಲೆಯಿಂದ ಹೊರಗೆ ಹಾಕಿವೆ. ಕನ್ನಡಕ್ಕಂತೂ ಅದು ಬೇಡವೇ ಬೇಡ. ಬರೆದ ಹಾಗೆ ಓದುವ ಭಾಷೆಯಲ್ಲಿ ಊಹೆಗೇನು ಕೆಲಸ?

ಹಾಗಂತ ಚಿತ್ರದ ಪುಸ್ತಕ ಎತ್ತಿ ಅಟ್ಟಕ್ಕೆ ಹಾಕಬೇಡಿ. ಆ ಪುಸ್ತಕ ಹಿಡಿದು ಅವನು ತಾನಾಗಿ ಕೂರುತ್ತಾನಲ್ಲ, ಅದು ಚಿತ್ರದ ಪುಣ್ಯ. ಕರೆಯುವ ಕೆಲಸವನ್ನು ಚಿತ್ರ ಬಹಳ ಚೆನ್ನಾಗಿ ಮಾಡುತ್ತದೆ, ದೊಡ್ಡವರ ವಿಷಯದಲ್ಲೂ. ಗಾಯಕ್ಕೆ ಚಿಕಿತ್ಸೆ ಪಡೆದು ಮನೆಗೆ ಹೊರಟವರಿಗೆ ಆರೈಕೆಯ ಚೀಟಿ ಕೊಟ್ಟು ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆದಿತ್ತು, 1996ರಲ್ಲಿ ಪ್ರಕಟವಾಯಿತು. ಬರೀ ಅಕ್ಷರದ ಚೀಟಿಯನ್ನು ನೂರಕ್ಕೆ 79 ಜನ ಓದಿದ್ದರು. ವ್ಯಂಗ್ಯಚಿತ್ರದ ಥರದ ಚಿತ್ರ ಇದ್ದ ಚೀಟಿಯನ್ನು 98 ಜನ. ಚೀಟಿಯಲ್ಲಿ ಹೇಳಿದ ಹಾಗೆ ನಡೆದುಕೊಂಡವರೂ ಆ ಗುಂಪಿನಲ್ಲೇ ಜಾಸ್ತಿ. ಕರೆದ ಮೇಲೆ ಚಿತ್ರ ಸ್ವಲ್ಪ ಹಿಂದೆ ಸರಿಯಬೇಕು, ಅಷ್ಟೇ.

ನೀವು ಹೀಗೆ ಮಾಡಿ. ಪುಟ ತೆರೆದಾಗ ಮೊದಲು ಚಿತ್ರವನ್ನೇ ನೋಡಲಿ. ಏನಿದೆ, ಯಾರಿದ್ದಾರೆ, ಮುಂದೇನಾಗಬಹುದು, ಮಾತಾಡಿ. ಆಮೇಲೆ ಅದರ ಮೇಲೆ ಒಂದು ದಪ್ಪ ಕಾಗದ ಮುಚ್ಚಿ. ಮನೆಯಲ್ಲಿ ಹಳೇ ಮದುವೆ ಕಾರ್ಡು ಇದ್ದೇ ಇರುತ್ತದೆ, ಅದು ಸಾಕು. ಈಗ ಓದಲಿ, ನಿಮ್ಮ ಬೆರಳು ಪದದ ಕೆಳಗೆ ಸರಿಯುತ್ತಿರಲಿ. ಈ ಬೆರಳು ಸಣ್ಣ ವಿಷಯವಲ್ಲ. ಕೆನಡಾದಲ್ಲಿ ಮಕ್ಕಳ ಕಣ್ಣಿನ ಓಟವನ್ನು ಯಂತ್ರದಿಂದ ಅಳೆದು ನೋಡಿದ್ದಾರೆ. ದೊಡ್ಡವರು ಕಥೆ ಓದಿ ಹೇಳುವಾಗ ಪುಟ್ಟ ಮಕ್ಕಳ ಕಣ್ಣು ಹೆಚ್ಚು ಕಡಿಮೆ ಪೂರಾ ಹೊತ್ತು ಚಿತ್ರದ ಮೇಲೆಯೇ ಇರುತ್ತದೆ, ಅಕ್ಷರದ ಕಡೆ ಹೋಗುವುದೇ ಅಪರೂಪ. ಆ ಕಣ್ಣನ್ನು ಅಕ್ಷರಕ್ಕೆ ಕರೆತರುವುದು ನಿಮ್ಮ ಬೆರಳು. ಪುಟ ಮುಗಿದ ಮೇಲೆ ಕಾರ್ಡು ತೆಗೆಯಿರಿ. ಓದಿದ್ದು ಚಿತ್ರದಲ್ಲಿ ಇದೆಯಾ ಅಂತ ಅವನೇ ತಾಳೆ ನೋಡಲಿ. ಈ ಕೊನೆಯ ಭಾಗ ಮಕ್ಕಳಿಗೆ ಭಾರಿ ಖುಷಿ. ‘ಅಮ್ಮಾ, ಇದರಲ್ಲಿ ಕೆಂಪು ಲಂಗ ಅಂತಿದೆ, ಇವರು ಹಸಿರು ಹಾಕಿದ್ದಾರೆ’ ಎಂದು ಅವನು ಕೂಗಿದ ದಿನ ನಿಮ್ಮ ಚಿಂತೆ ಮುಗಿಯಿತು ಅಂದುಕೊಳ್ಳಿ.

ಪುಸ್ತಕ ಕೊಳ್ಳುವಾಗಲೂ ಒಂದು ಕಣ್ಣಿಡಿ. ಕಥೆ ಹೇಳುವುದು ಮೊಲದ್ದು, ಚಿತ್ರದಲ್ಲಿ ಮೊಲದ ಜೊತೆ ಹದಿನಾಲ್ಕು ಚಿಟ್ಟೆ, ಒಂದು ಕಾಮನಬಿಲ್ಲು, ನಗುವ ಸೂರ್ಯ. ಇಂಥ ಹೆಚ್ಚುವರಿ ಸಾಮಾನನ್ನೆಲ್ಲ ಅಳಿಸಿ, ಕಥೆಗೆ ಬೇಕಾದಷ್ಟೇ ಉಳಿಸಿದ ಪುಸ್ತಕವನ್ನು ಒಂದು-ಎರಡನೇ ಕ್ಲಾಸಿನ ಮಕ್ಕಳಿಗೆ ಕೊಟ್ಟು ನೋಡಿದ ಪ್ರಯೋಗವೊಂದು 2020ರಲ್ಲಿ ಬಂತು. ಅಕ್ಷರ ಬಿಟ್ಟು ಕಣ್ಣು ಅಲೆಯುವುದು ಕಡಿಮೆಯಾಯಿತು, ಕಥೆ ಹೆಚ್ಚು ಅರ್ಥವಾಯಿತು. ಅದೇ ಗುಂಪಿನ ಸಂಶೋಧಕರು 2014ರಲ್ಲಿ ಗೋಡೆಯ ತುಂಬ ಪಟ ಅಂಟಿಸಿದ ಕೋಣೆಯನ್ನೂ ಖಾಲಿ ಗೋಡೆಯ ಕೋಣೆಯನ್ನೂ ಹೋಲಿಸಿದ್ದರು. ಅಲಂಕಾರದ ಕೋಣೆಯಲ್ಲಿ ಮಕ್ಕಳ ಗಮನ ಜಾಸ್ತಿ ಚದುರಿತ್ತು, ಕಲಿತದ್ದು ಕಡಿಮೆ. ಇದನ್ನು ನಮ್ಮ ಶಿಕ್ಷಕರ ಮುಂದೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಪಾಪ, ರಜೆಯಲ್ಲಿ ಬಂದು ಗೋಡೆಗೆ ಬಣ್ಣ ಹಚ್ಚಿದವರು ಅವರೇ.

ಪುಟ್ಟ ಮಕ್ಕಳಿಗೆ ಚಿತ್ರ ಎಲ್ಲಿ ಸರಿಯಾಗಿ ಕೂರುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ಅಂದರೆ ಸರಕಾರಿ ಶಾಲೆಯ ಚಿಕ್ಕ ಮಕ್ಕಳು ಕಾರ್ಡು ಹಿಡಿದು ಕಲಿಯುವ ಪದ್ಧತಿ, ನಿಮಗೆ ಗೊತ್ತಿರಬಹುದು. ಅಲ್ಲಿ ಪ್ರತಿ ಕಾರ್ಡಿನ ಮೇಲೆ ಒಂದು ಪ್ರಾಣಿಯದೋ ವಸ್ತುವಿನದೋ ಸಣ್ಣ ಗುರುತಿನ ಚಿತ್ರ ಇರುತ್ತದೆ. ಓದು ಬಾರದ ಮಗುವೂ ಆ ಗುರುತು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಅಲ್ಲಿ ಚಿತ್ರ ದಾರಿ ತೋರಿಸುತ್ತದೆ, ಕಾರ್ಡಿನಲ್ಲಿ ಬರೆದಿದ್ದು ಏನು ಅಂತ ಬಾಯಿ ಬಿಡುವುದಿಲ್ಲ.

ಈಗ ಮಗಳ ವಿಷಯ. ಇಲ್ಲಿ ಹೇಳುವುದು ಜಾಸ್ತಿ ಇದೆ.

ಅವಳಿಗೆ ಅಕ್ಷರ ಬರುತ್ತದೆ. ಕಷ್ಟ ಇರುವುದು ಅಕ್ಷರದ ಹಿಂದಿರುವ ವಿಷಯದಲ್ಲಿ. ಹತ್ತನೇ ಕ್ಲಾಸಿನ ‘ಜೀವಕ್ರಿಯೆಗಳು’ ಪಾಠದ ಹೃದಯವನ್ನೇ ತೆಗೆದುಕೊಳ್ಳಿ. ಹೃದಯದಲ್ಲಿ ನಾಲ್ಕು ಕೋಣೆ, ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ಮಾತಿನಲ್ಲಿ ಹೇಳುತ್ತೇನೆ, ಚಿತ್ರ ನೋಡದೆ ಓದಿ: ಮೈಯಿಂದ ಬಂದ ರಕ್ತ ಬಲ ಹೃತ್ಕರ್ಣಕ್ಕೆ ಬರುತ್ತದೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳಿಯುತ್ತದೆ, ಅದು ಶ್ವಾಸಕೋಶಕ್ಕೆ ಕಳಿಸುತ್ತದೆ, ಅಲ್ಲಿ ಆಕ್ಸಿಜನ್ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ವಾಪಸ್, ಅಲ್ಲಿಂದ ಎಡ ಹೃತ್ಕುಕ್ಷಿ, ಅದು ಮೈಗೆಲ್ಲ ನೂಕುತ್ತದೆ. ಎಷ್ಟು ಹೊತ್ತಿಗೆ ಸುಸ್ತಾದಿರಿ? ನನಗೆ ‘ವಾಪಸ್’ ಬಂದಲ್ಲಿಗೆ ‘ಮೊದಲು ಎಲ್ಲಿಂದ ಹೊರಟೆ’ ಅನ್ನುವುದೇ ಮರೆತಿರುತ್ತದೆ.

ಮಾತು ಒಂದರ ಹಿಂದೆ ಒಂದು ಬರುತ್ತದೆ, ಸಾಲಿನಲ್ಲಿ ನಿಂತ ಹಾಗೆ. ಹಿಂದಿನದನ್ನು ತಲೆಯಲ್ಲಿ ಹಿಡಿದುಕೊಂಡೇ ಮುಂದಿನದನ್ನು ಕೇಳಬೇಕು. ಚಿತ್ರದಲ್ಲಿ ಎಲ್ಲವೂ ಒಟ್ಟಿಗೆ, ಅದರದರ ಜಾಗದಲ್ಲಿ ಕೂತಿರುತ್ತದೆ. ಯಾವುದರ ಪಕ್ಕ ಯಾವುದು, ಯಾವುದರ ಮೇಲೆ ಯಾವುದು ಎಂದು ನೆನಪಿಟ್ಟುಕೊಳ್ಳುವ ಭಾರ ಕಾಗದವೇ ಹೊತ್ತುಕೊಳ್ಳುತ್ತದೆ. ಜಿಲ್ ಲಾರ್ಕಿನ್ ಮತ್ತು ಹರ್ಬರ್ಟ್ ಸೈಮನ್ 1987ರಲ್ಲಿ ರಾಟೆಗಳ ಲೆಕ್ಕ ಇಟ್ಟುಕೊಂಡು ತೋರಿಸಿದ್ದು ಇದನ್ನೇ. ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಸೈಮನ್ ಇವರೇ. ಅವರ ಲೇಖನದ ತಲೆಬರಹದಲ್ಲಿ ‘ಚಿತ್ರ ಹತ್ತು ಸಾವಿರ ಪದಕ್ಕೆ ಸಮ’ ಅನ್ನುವ ಮಾತಿನ ಜೊತೆ ಕಂಸದೊಳಗೆ ‘ಕೆಲವೊಮ್ಮೆ’ ಎಂದು ಸೇರಿಸಿದ್ದರು. ಗೈಡು ಮಾರುವವರು ಆ ಕಂಸ ಬಿಟ್ಟು ಓದುತ್ತಾರೆ.

ಆ ‘ಕೆಲವೊಮ್ಮೆ’ ಯಾವಾಗ? 1982ರಲ್ಲಿ ಲೀವಿ ಮತ್ತು ಲೆಂಟ್ಜ್ ಎಂಬಿಬ್ಬರು ಆವರೆಗೆ ನಡೆದ ಹತ್ತಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಬರಹದಲ್ಲಿರುವ ವಿಷಯವನ್ನೇ ಚಿತ್ರವೂ ತೋರಿಸಿದ್ದರೆ ಕಲಿಕೆ ಚೆನ್ನಾಗಿ ಹೆಚ್ಚಿತ್ತು. ಚಿತ್ರ ತೋರಿಸದೇ ಇದ್ದ ವಿಷಯಕ್ಕೆ ಅದೇ ಪುಟದ ಚಿತ್ರದಿಂದ ಆದ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಪುಟದಲ್ಲಿ ಚಿತ್ರ ಇದೆ ಎಂಬ ಕಾರಣಕ್ಕೆ ಪುಟ ತಲೆಗೆ ಹತ್ತುವುದಿಲ್ಲ. ಹೃದಯದ ಚಿತ್ರ ರಕ್ತದ ದಾರಿ ತೋರಿಸುತ್ತದೆ, ಕಲಿಯಬೇಕಾದದ್ದೂ ಆ ದಾರಿಯನ್ನೇ. ಎಡ ಹೃತ್ಕುಕ್ಷಿಯ ಗೋಡೆ ಯಾಕೆ ಅಷ್ಟು ದಪ್ಪ? ದಪ್ಪ ಇರುವುದು ಚಿತ್ರದಲ್ಲಿ ಕಾಣುತ್ತದೆ. ಯಾಕೆ ಅನ್ನುವುದು ಬರಹದಲ್ಲಿದೆ: ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ಮೈಗೆಲ್ಲ ತಳ್ಳಬೇಕು. ಎರಡೂ ಕೂಡಿದರೇ ಪಾಠ.

ಹಾಗಾದರೆ ಹತ್ತು ಸಲ ಚಿತ್ರ ಬರೆದ ಹುಡುಗಿಗೆ ಯಾಕೆ ಗೊತ್ತಾಗಲಿಲ್ಲ? ಅವಳು ಬರೆದದ್ದು ರಂಗೋಲಿ. ತಪ್ಪು ತಿಳಿಯಬೇಡಿ, ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂದು ನಾವೇ ಕೇಳುತ್ತೇವೆ, ಅವರು ಅಂದವಾಗಿ ಬರೆಯುತ್ತಾರೆ. ಗೆರೆ ಎಲ್ಲಿ ಬಾಗಬೇಕು ಅನ್ನುವುದು ಕೈಗೆ ಗೊತ್ತು. ಆ ಗೆರೆಯೊಳಗೆ ಏನು ಹರಿಯುತ್ತದೆ ಅನ್ನುವುದನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಸಂಗತಿ ಇದೆ, ಇದನ್ನು ನಾವು ದೊಡ್ಡವರು ಮರೆಯುತ್ತೇವೆ. ಚಿತ್ರ ಓದಲೂ ಕಲಿಯಬೇಕು. 1970ರ ದಶಕದಲ್ಲಿ ನೇಪಾಳದ ಹಳ್ಳಿಗಳಲ್ಲಿ ಆರೋಗ್ಯ ಪ್ರಚಾರದ ಚಿತ್ರ ಹೇಗಿರಬೇಕು ಎಂದು ತಿಳಿಯಲು ಜನಕ್ಕೆ ಬಗೆಬಗೆಯ ಚಿತ್ರ ತೋರಿಸಿದರು. ಕಡ್ಡಿ ಕಡ್ಡಿಯಾಗಿ ಬರೆದ ಮನುಷ್ಯರನ್ನು ಬಹಳ ಜನ ಗುರುತಿಸಲಿಲ್ಲ. ಚಿತ್ರಗಳನ್ನು ಎಡದಿಂದ ಬಲಕ್ಕೆ ಕಥೆಯ ಹಾಗೆ ನೋಡಬೇಕು ಎಂಬುದೂ ಓದು ಬರೆಹ ಇಲ್ಲದವರಿಗೆ ತಾನಾಗಿ ಹೊಳೆಯಲಿಲ್ಲ. ನಿಮ್ಮ ಮಗಳ ಪುಸ್ತಕದ ಹೃದಯದಲ್ಲೂ ಇಂಥ ಗುಟ್ಟು ಎಷ್ಟೊಂದಿವೆ ನೋಡಿ. ಅದು ನೀಳಛೇದ, ಅಂದರೆ ಉದ್ದಕ್ಕೆ ಕೊಯ್ದು ತೆರೆದಿಟ್ಟ ಹೃದಯ, ಮಾವಿನಹಣ್ಣು ಹೋಳು ಮಾಡಿದ ಹಾಗೆ. ಚಿತ್ರದ ಮನುಷ್ಯ ನಮ್ಮ ಎದುರು ನಿಂತಿದ್ದಾನೆ, ಹಾಗಾಗಿ ಅವನ ಬಲ ಪುಟದ ಎಡಗಡೆ. ‘ಬಲ ಹೃತ್ಕರ್ಣ’ ಎಂದು ಓದಿ ಪುಟದ ಬಲಗಡೆ ಹುಡುಕಿದ ಮಕ್ಕಳನ್ನು ನಾನು ಎಣಿಸಿಲ್ಲ, ಆದರೆ ಪ್ರತಿ ಕ್ಲಾಸಿನಲ್ಲೂ ಇದ್ದರು. ಒಂದು ಕಡೆ ನೀಲಿ, ಒಂದು ಕಡೆ ಕೆಂಪು. ನೀಲಿ ಬರೀ ಗುರುತಿಗೆ, ನಮ್ಮ ಮೈಯಲ್ಲಿ ನೀಲಿ ರಕ್ತ ಇಲ್ಲ. ಇದನ್ನು ಯಾರಾದರೂ ಅವಳಿಗೆ ಬಾಯಿಬಿಟ್ಟು ಹೇಳಿದ್ದಾರಾ? ಹೇಳದಿದ್ದರೆ ಅವಳು ಪುಟ ಹಾರಿಸುವುದರಲ್ಲಿ ಆಶ್ಚರ್ಯ ಏನಿದೆ? ಅರ್ಥವಾಗದ ಭಾಷೆಯ ಪೇಪರನ್ನು ನಾವೂ ಬದಿಗಿಡುತ್ತೇವೆ.

ಹೃದಯದ ಚಿತ್ರವನ್ನೇ ಇಟ್ಟುಕೊಂಡು ಎರಡು ಒಳ್ಳೆಯ ಪ್ರಯೋಗ ನಡೆದಿವೆ. ಕರ್ಸ್ಟನ್ ಬುಚರ್ ಎಂಬ ಸಂಶೋಧಕಿ 2006ರಲ್ಲಿ ಒಂದು ಗುಂಪಿಗೆ ಬರೀ ಬರಹ, ಒಂದಕ್ಕೆ ಬರಹದ ಜೊತೆ ಅಂಗರಚನೆ ಪುಸ್ತಕದಂಥ ವಿವರವಾದ ಚಿತ್ರ, ಇನ್ನೊಂದಕ್ಕೆ ಬರಹದ ಜೊತೆ ಸರಳ ನಕ್ಷೆಯಂಥ ಚಿತ್ರ ಕೊಟ್ಟರು. ಎರಡೂ ಬಗೆಯ ಚಿತ್ರ ಸಹಾಯ ಮಾಡಿದವು, ಆದರೆ ಜಾಸ್ತಿ ಸಹಾಯ ಮಾಡಿದ್ದು ಸರಳವಾದದ್ದು. ನಿಜವಾದ ಹೃದಯದ ಹಾಗೆ ಕಾಣುವುದಕ್ಕಿಂತ ಹೃದಯ ಮಾಡುವ ಕೆಲಸ ಕಾಣುವುದು ಮುಖ್ಯವಾಯಿತು. ಅದಕ್ಕೂ ಮೊದಲು 1991ರಲ್ಲಿ ಆಸ್ಟ್ರೇಲಿಯಾದ ಚಾಂಡ್ಲರ್ ಮತ್ತು ಸ್ವೆಲ್ಲರ್ ಇನ್ನೊಂದು ತುದಿ ಹಿಡಿದಿದ್ದರು. ತಾನೇ ಎಲ್ಲ ಹೇಳುವ ರಕ್ತಪರಿಚಲನೆಯ ಚಿತ್ರಕ್ಕೆ, ಅದನ್ನೇ ಮತ್ತೆ ಮಾತಿನಲ್ಲಿ ಹೇಳುವ ಸಾಲುಗಳನ್ನು ಅಂಟಿಸಿದರೆ ಏನಾಗುತ್ತದೆ? ಕಲಿಕೆ ಕಡಿಮೆಯಾಯಿತು. ಚಿತ್ರ ಒಂದೇ ಸಿಕ್ಕವರು ಮುಂದೆ ಹೋದರು. ಹೇಳಿದ್ದನ್ನೇ ಹೇಳುವವರ ಮಾತು ಕೇಳಿ ನಮಗೆ ಸುಸ್ತಾಗುತ್ತದಲ್ಲ, ಕಣ್ಣಿಗೂ ಹಾಗೇ.

ಮನೆಯಲ್ಲಿ ಏನು ಮಾಡಬೇಕು ಅಂದರೆ, ಅವಳ ಪಕ್ಕ ಒಂದು ಅರ್ಧ ಗಂಟೆ ಕೂತುಕೊಳ್ಳಿ. ನಿಮಗೆ ವಿಜ್ಞಾನ ಬರಬೇಕಿಲ್ಲ. ಬರದಿದ್ದರೆ ಒಳ್ಳೆಯದೇ. ‘ಒಂದು ವಾಕ್ಯ ಓದು, ಆ ಜಾಗ ಬೆರಳಲ್ಲಿ ತೋರಿಸು’ ಅನ್ನಿ. ಇನ್ನೊಂದು ವಾಕ್ಯ, ಇನ್ನೊಂದು ಜಾಗ. ರಾಟೆಗಳ ವಿವರಣೆ ಓದುವವರ ಕಣ್ಣನ್ನು ಹೆಗಾರ್ಟಿ ಮತ್ತು ಜಸ್ಟ್ 1993ರಲ್ಲಿ ಹಿಂಬಾಲಿಸಿದಾಗ ಕಂಡದ್ದು ಇದೇ ನಡೆ: ಒಂದು ಮಾತು ಮುಗಿಯುವವರೆಗೆ ಓದುತ್ತಾರೆ, ಚಿತ್ರಕ್ಕೆ ಹೋಗಿ ಆ ಭಾಗ ನೋಡುತ್ತಾರೆ, ಮತ್ತೆ ಬರಹಕ್ಕೆ ಬರುತ್ತಾರೆ. ಪೂರಾ ಬರಹ ಮುಗಿಸಿ ಆಮೇಲೆ ಚಿತ್ರ ನೋಡುತ್ತೇನೆ ಅನ್ನುವುದು ಕೆಲಸಕ್ಕೆ ಬರುವುದಿಲ್ಲ. ‘ಚಿತ್ರ ನೋಡಿ’ ಎಂದು ಇಲ್ಲಿ ಬರೆದು ಚಿತ್ರವನ್ನು ಹಿಂದಿನ ಪುಟದಲ್ಲಿ ಅಚ್ಚು ಹಾಕುವುದಂತೂ ಮಕ್ಕಳಿಗೆ ಮಾಡುವ ದ್ರೋಹ. ಹಾಗಿದ್ದರೆ ಆ ಪುಟ ಜೆರಾಕ್ಸ್ ಮಾಡಿಸಿ ಪಕ್ಕದಲ್ಲಿಟ್ಟುಕೊಳ್ಳಲಿ, ಎರಡು ರೂಪಾಯಿ ಖರ್ಚು.

ಆಮೇಲೆ ಪುಸ್ತಕ ಮುಚ್ಚಿಸಿ. ಒಂದು ಬಿಳಿ ಹಾಳೆಯ ಮೇಲೆ ಅವಳೇ ಬರೆಯಲಿ. ಅಂದ ಬೇಡ. ನಾಲ್ಕು ಕೋಣೆಗೆ ನಾಲ್ಕು ಚೌಕ, ಎರಡು ಶ್ವಾಸಕೋಶಕ್ಕೆ ಎರಡು ಸೊನ್ನೆ, ಬಾಣದ ಗುರುತು. ಮೈಯಿಂದ ಹೊರಟ ರಕ್ತ ಮೈಗೆ ವಾಪಸ್ ಬರಬೇಕು. ಬಾಣ ಎಲ್ಲಿ ನಿಲ್ಲುತ್ತದೋ ಅಲ್ಲಿ ಪುಸ್ತಕ ತೆರೆಯಲಿ. ನೋಡಿದ ಚಿತ್ರಕ್ಕಿಂತ ತಾನೇ ಗೀಚಿದ್ದು ತಲೆಯಲ್ಲಿ ಜಾಸ್ತಿ ನಿಲ್ಲುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ 2016ರ ಒಂದು ಅಧ್ಯಯನ, ಪದಗಳನ್ನು ಮತ್ತೆ ಮತ್ತೆ ಬರೆದವರಿಗಿಂತ ಅವುಗಳ ಚಿತ್ರ ಗೀಚಿದವರಿಗೆ ನೆನಪು ಚೆನ್ನಾಗಿತ್ತು ಎಂದು ತೋರಿಸಿತು. ಗೀಚಲು ಕೊಟ್ಟದ್ದು ಅರ್ಧ ನಿಮಿಷದ ಆಸುಪಾಸು ಅಷ್ಟೇ, ಚಿತ್ರಕಲೆ ಬರಬೇಕಾಗಿಯೂ ಇರಲಿಲ್ಲ.

ಚಿತ್ರ ಯಾವಾಗ ನೋಡಬೇಕು ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಒಂದು ವಿಚಿತ್ರ ಬರಹವನ್ನು ಜನಕ್ಕೆ ಕೇಳಿಸಿದರು. ಬಲೂನು, ಕಿಟಕಿ, ತಂತಿ, ಕರೆಂಟು, ದನಿ ಎಲ್ಲ ಬರುತ್ತವೆ. ಒಂದೊಂದು ವಾಕ್ಯವೂ ಸರಿಯಾಗಿದೆ, ಒಟ್ಟು ಸೇರಿದರೆ ತಲೆಬುಡ ಇಲ್ಲ. ಅದಕ್ಕೊಂದು ಚಿತ್ರ ಇತ್ತು: ರಸ್ತೆಯಲ್ಲಿ ಗಿಟಾರ್ ಹಿಡಿದ ಹುಡುಗ, ಎತ್ತರದ ಮಹಡಿಯ ಕಿಟಕಿಯಲ್ಲಿ ಹುಡುಗಿ, ಅವಳಿಗೆ ಹಾಡು ಕೇಳಿಸಲೆಂದು ಬಲೂನು ಕಟ್ಟಿ ಮೇಲಕ್ಕೆ ಹಾರಿಸಿದ ಲೌಡ್‌ಸ್ಪೀಕರ್. ಚಿತ್ರ ಮೊದಲೇ ನೋಡಿದವರು ಬರಹದ 14 ಅಂಶಗಳಲ್ಲಿ ಸರಾಸರಿ 8 ನೆನಪಿಟ್ಟುಕೊಂಡರು. ಚಿತ್ರವನ್ನೇ ನೋಡದವರು ನಾಲ್ಕೂ ದಾಟಲಿಲ್ಲ. ಬರಹ ಕೇಳಿ ಮುಗಿದ ಮೇಲೆ ಚಿತ್ರ ನೋಡಿದವರು? ಅವರೂ ನಾಲ್ಕು ದಾಟಲಿಲ್ಲ. ಅಡುಗೆ ಆದ ಮೇಲೆ ಉಪ್ಪು ಸೇರಿಸಬಹುದು, ಇದನ್ನು ಸೇರಿಸಲು ಬರುವುದಿಲ್ಲ. ಹಾಗಾಗಿ ಪಾಠ ಶುರು ಮಾಡುವ ಮುಂಚೆ ಒಂದು ನಿಮಿಷ ಚಿತ್ರ ನೋಡಿ, ‘ಇದು ಏನನ್ನು ತೋರಿಸುತ್ತಿದೆ’ ಎಂದು ಒಂದು ಸಾಲು ಹೇಳಿ ಓದಲು ಹೋಗಲಿ. ಅದೇ ಅವಳ ಮೊದಲ ಅಭ್ಯಾಸ ಆಗಲಿ.

ಇನ್ನು ಗೈಡು. ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬಹಳ ವರ್ಷದ ಹಿಂದೆ ಮಣ್ಣಿನ ಸವೆತದ ಬಗ್ಗೆ ನಾಲ್ಕನೇ ಕ್ಲಾಸಿಗೆ ಒಂದು ಪೂರಕ ಪಾಠ ಬರೆದಿದ್ದೆ. ಪುಟ ಬೋಳು ಕಾಣುತ್ತಿದೆ ಅನಿಸಿ ಚಿತ್ರಕಾರರಿಗೆ ಹೇಳಿ ಮರದ ಕೆಳಗೆ ಒಬ್ಬ ಹುಡುಗ, ಅವನ ಪಕ್ಕ ನಾಲಿಗೆ ಚಾಚಿದ ನಾಯಿ ಹಾಕಿಸಿದೆ. ಚೆಂದ ಬಂತು. ವಾರದ ನಂತರ ಶಾಲೆಗೆ ಹೋಗಿ ‘ಪಾಠದಲ್ಲಿ ಏನಿತ್ತು’ ಎಂದು ಕೇಳಿದೆ. ‘ನಾಯಿ ಇತ್ತು ಸಾರ್.’ ನಾಯಿ ಏನು ಮಾಡಿತು ಅಂದೆ. ಒಬ್ಬಳು ಅದಕ್ಕೊಂದು ಕಥೆಯನ್ನೇ ಹೇಳಿದಳು. ಮಣ್ಣಿನ ಸುದ್ದಿ ಯಾರೂ ಎತ್ತಲಿಲ್ಲ.

ಶಾನನ್ ಹಾರ್ಪ್ ಮತ್ತು ರಿಚರ್ಡ್ ಮೇಯರ್ 1998ರಲ್ಲಿ ಸಿಡಿಲು ಹೇಗೆ ಹುಟ್ಟುತ್ತದೆ ಎಂಬ ಪಾಠಕ್ಕೆ ಸಿಡಿಲಿನ ರೋಚಕ ಸಂಗತಿ, ಚಿತ್ರ ಸೇರಿಸಿ ನೋಡಿದಾಗಲೂ ಕಂಡದ್ದು ಇದೇ. ರೋಚಕವಾದದ್ದು ನೆನಪುಳಿಯಿತು, ಸಿಡಿಲು ಹುಟ್ಟುವ ಬಗೆ ಹಿಂದೆ ಬಿತ್ತು. ಬಣ್ಣದ ಗೈಡುಗಳಲ್ಲಿ ಇಂಥ ನಾಯಿಗಳು ಜಾಸ್ತಿ. ಜೊತೆಗೆ ಚಿತ್ರ ಇರುವ ಪುಟ ಓದಿದರೆ ‘ಅರ್ಥವಾಯಿತು’ ಅನ್ನುವ ಧೈರ್ಯ ಸುಮ್ಮನೆ ಬಂದುಬಿಡುತ್ತದೆ, ಅರ್ಥ ಆಗಿರಲಿ ಬಿಡಲಿ.

‘ನೋಡಿ ಕಲಿಯುವ ಜಾತಿ, ಕೇಳಿ ಕಲಿಯುವ ಜಾತಿ’ ಎಂಬ ಮಾತನ್ನು ನಂಬಬೇಡಿ. ನಾಲ್ವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಅದಕ್ಕಿರುವ ಆಧಾರವನ್ನೆಲ್ಲ ಜಾಲಾಡಿದರು. ಮಗುವಿನ ‘ಜಾತಿ’ಗೆ ತಕ್ಕಂತೆ ಪಾಠ ಬದಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಚಿತ್ರ ಬೇಕೋ ಬೇಡವೋ ಅನ್ನುವುದನ್ನು ಪಾಠ ನಿರ್ಧರಿಸಬೇಕು. ಹೃದಯಕ್ಕೆ ಎಲ್ಲ ಮಕ್ಕಳಿಗೂ ಚಿತ್ರ ಬೇಕು. ವಚನಕ್ಕೆ ಯಾರಿಗೂ ಬೇಡ.

ಅಂಗಡಿಗೆ ಹೋದರೆ ಗೈಡಿನಲ್ಲಿ ಹೃದಯದ ಪುಟ ತೆರೆಯಿರಿ. ಬಾಣದ ಗುರುತು ಇದೆಯಾ? ಭಾಗದ ಹೆಸರು ಭಾಗದ ಪಕ್ಕವೇ ಇದೆಯಾ, ಇಲ್ಲಾ 1, 2, 3 ಎಂದು ನಂಬರು ಹಾಕಿ ಹೆಸರನ್ನು ಪುಟದ ಬುಡದಲ್ಲಿ ಕೊಟ್ಟಿದ್ದಾರಾ? ವಿವರಣೆ ಅದೇ ಪುಟದಲ್ಲಿದೆಯಾ? ಇಷ್ಟು ಇಲ್ಲದಿದ್ದರೆ ಇಟ್ಟು ಬನ್ನಿ, ಶಾಲೆಯ ಪುಸ್ತಕವೇ ವಾಸಿ. ಆ ದುಡ್ಡಿನಲ್ಲಿ ಒಂದು ಕಟ್ಟು ಬಿಳಿ ಹಾಳೆ, ಒಂದು ಕೆಂಪು, ಒಂದು ನೀಲಿ ಪೆನ್ನು ತಂದುಕೊಡಿ.

ಮಗನಿಗೆ ಏನೂ ತರಬೇಕಿಲ್ಲ, ಮದುವೆ ಕಾರ್ಡು ಇದೆಯಲ್ಲ. ಇದೇನಮ್ಮ ಎಂದು ಅವನು ಕೇಳಿದರೆ ಕರೆಯೋಲೆ ಅನ್ನಿ. ‘ಓ’ಗೆ ಓಲೆ ಅಂದರೆ ಏನು ಅಂತ ಅವನ ಕೈಗೇ ಕೊಟ್ಟ ಹಾಗೂ ಆಯಿತು.